ಒಳಗೆ ಹತ್ತು, ಹೊರಗೆ ಹದಿನಾರು

ಕಡಯಂಪಟ್ಟಿಯ ಭೂಪತಿಯ ಕಣ್ಣಿಗೆ ಟವೆಲು ಕಟ್ಟಿ, ಕೈಗೊಂದು ಪೈಪಿನ ತುಂಡು ಕೊಟ್ಟು ನೋಡಿ. ಎರಡು ಬೆರಳಲ್ಲಿ ಹಿಡಿದು ಒಮ್ಮೆ ಹೊರಳಿಸುತ್ತಾನೆ, ಅಷ್ಟೇ. "ಅದಿನಾರು" ಅನ್ನುತ್ತಾನೆ, ಇಲ್ಲವೇ "ಅನ್ನೆರಡು, ಅದೂ ಸೆಕೆಂಡ್ ಕ್ವಾಲಿಟಿ" ಅನ್ನುತ್ತಾನೆ. ಅಳತೆಪಟ್ಟಿ ತಂದು ಪರೀಕ್ಷಿಸುವ ಧೈರ್ಯ ನಿಮಗಿದ್ದರೆ ಪರೀಕ್ಷಿಸಿಕೊಳ್ಳಿ. ಅವನು ಆ ಕಡೆ ತಿರುಗಿಯೂ ನೋಡುವುದಿಲ್ಲ, ಟವೆಲು ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತಾನೆ.

ಹನಿ ನೀರಾವರಿಯ ಪೈಪು ಜೋಡಿಸುವುದು ಅವನ ಕಸುಬು. ಇಪ್ಪತ್ತಾರು ವರ್ಷದಿಂದ ಓಮಲೂರಿನ ಈ ಕಡೆ ಆ ಕಡೆ ಎಷ್ಟು ಅರಿಶಿನದ ತೋಟ, ಎಷ್ಟು ಮರಗೆಣಸಿನ ಹೊಲಕ್ಕೆ ಅವನು ಪೈಪು ಹಾಸಿದ್ದಾನೋ ಅವನಿಗೇ ಗೊತ್ತಿಲ್ಲ. ಲೆಕ್ಕ ಇಟ್ಟಿರುವುದು ಒಂದೇ ವಿಷಯಕ್ಕೆ, ಅದೂ ಸೊನ್ನೆ ಅಂತ. "ಇಷ್ಟ್ ವರ್ಸದಾಗೆ ಭೂಪತಿ ಕೈ ಆಕಿದ ಜಾಯಿಂಟು ಒಂದೂ ಸೋರಿಲ್ಲ" ಎಂದು ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೂ ಹೇಳುತ್ತಾನೆ. ಕೂತವರು ಕೇಳಿರುವುದಿಲ್ಲ, ಅದು ಬೇರೆ ಮಾತು.

ಹುಟ್ಟಿದ್ದು ಸೇಲಂನ ಗುಗೈಯಲ್ಲಿ, ಕನ್ನಡದ ನೇಕಾರರ ಮನೆಯಲ್ಲಿ. ಅಪ್ಪನೂ ಅಣ್ಣ ಪಳನಿಸ್ವಾಮಿಯೂ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟುಕೊಂಡು ಕೂತರೆ ಹೊತ್ತು ಮುಳುಗುವ ತನಕ ಏಳುತ್ತಿರಲಿಲ್ಲ. ಇವನಿಗೆ ಒಂದು ಕಡೆ ಕೂರುವುದೆಂದರೆ ಮೈಯೆಲ್ಲ ಇರುವೆ ಹರಿದಂತೆ. ಇಪ್ಪತ್ತನೇ ವಯಸ್ಸಿಗೆ ಪೈಪಿನ ಗೋಡೌನಿಗೆ ಮೂಟೆ ಹೊರಲು ಹೋದವನು, ನಾಲ್ಕೇ ವರ್ಷದಲ್ಲಿ ಫಿಟ್ಟರ್ ಆದ. ಈಶ್ವರಿಯನ್ನು ಮದುವೆಯಾಗಿ ಕಡಯಂಪಟ್ಟಿಯಲ್ಲೇ ಮನೆ ಮಾಡಿದ. ಧಾರಾಳ ಮನುಷ್ಯ. ಯಾರ ಕಷ್ಟಕ್ಕಾದರೂ ಮೊದಲು ಎದ್ದು ನಿಲ್ಲುವವನು. ಒಂದೇ ಒಂದು ದೋಷ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನಾಲ್ಕನೆಯದನ್ನು ನೀವು ಕೈಯಲ್ಲಿ ಹಿಡಿದು ತೋರಿಸಿದರೂ, "ಅದು ಬೇರೆ ಮೊಲದ್ದು" ಅಂದಾನು.

ಆ ಪಳನಿಸ್ವಾಮಿಯ ಮಗಳೇ ಜಯಪ್ರಿಯಾ. ಕಾಲಿಗೆ ಕಟ್ಟುವ ಬೆಳ್ಳಿ ಗೆಜ್ಜೆ, ಸೇಲಂನವರ ಬಾಯಲ್ಲಿ ಕೊಲುಸು, ಅದರ ಮಾದರಿಗಳನ್ನು ಕಂಪ್ಯೂಟರಿನಲ್ಲಿ ಬರೆಯುವುದು ಅವಳ ಕೆಲಸ. ಏಳು ವರ್ಷ ವಿಶ್ವನಾಥನ್ ಎಂಬ ಬೆಳ್ಳಿ ವ್ಯಾಪಾರಿಯ ಆಫೀಸಿನಲ್ಲಿ ಒಂದೇ ಕುರ್ಚಿಯಲ್ಲಿ ಕೂತು ಬರೆದಳು. ಮಾವಿನಮಿಡಿ ಕೊಲುಸು, ಮಲ್ಲಿಗೆಮೊಗ್ಗಿನ ಕೊಲುಸು, ಎಲ್ಲ ಅವಳ ತಲೆಯಿಂದ ಬಂದದ್ದು. ಡಬ್ಬಿಯ ಮೇಲೆ ಅಚ್ಚಾದದ್ದು ವಿಶ್ವನಾಥನ್ ಹೆಸರು. ವಿಶ್ವನಾಥನ್ ಕೆಟ್ಟವನೇನಲ್ಲ, ಪೊಂಗಲ್ಲಿಗೆ ಸೀರೆ ಕೊಡುತ್ತಿದ್ದ. ಆದರೆ ಒಂದು ದಿನ ಮದುವೆಮನೆಯಲ್ಲಿ ಯಾರೋ ಹುಡುಗಿಯ ಕಾಲಲ್ಲಿ ತನ್ನದೇ ಕೊಲುಸು ಕಂಡು, "ಇದು ನಾನು ಬರೆದದ್ದು" ಅಂದಾಗ ಆ ಹುಡುಗಿ ಕಿಸಕ್ಕನೆ ನಕ್ಕುಬಿಟ್ಟಳಂತೆ. ಜಯಪ್ರಿಯಾ ಅತ್ತುಕೊಂಡು ಚಿಕ್ಕಪ್ಪನ ಮನೆಗೆ ಬಂದಳು.

ಅಪ್ಪನ ಹತ್ತಿರ ಹೋಗಲಿಲ್ಲ ನೋಡಿ. ಪಳನಿಸ್ವಾಮಿ, "ಇರೋದನ್ನ ಬಿಡಬ್ಯಾಡ ತಾಯೀ" ಅನ್ನುತ್ತಿದ್ದ, ಅದು ಅವಳಿಗೆ ಗೊತ್ತು. ಭೂಪತಿ ಅಂದದ್ದು ಬೇರೆ.

"ನಿನ್ ಕೈನಾಗೆ ಕೆಲ್ಸ ಐತೆ. ಕೈನ ಅವನು ಕೊಟ್ಟಿದ್ದಾ? ಓಗಿ ಸ್ವಂತ ಮಾಡಮ್ಮಾ. ಏನಾನಾ ಆದ್ರೆ ನಾನಿದೀನಿ."

ಆ ಕೊನೆಯ ಮೂರು ಮಾತನ್ನು ಹಿಡಿದುಕೊಂಡೇ ಅವಳು ಆಫೀಸು ಬಿಟ್ಟಳು. ಗುಗೈಯಲ್ಲಿ ತಗಡಿನ ಮಾಡಿನ ಮಹಡಿ ಕೋಣೆಯೊಂದನ್ನು ಬಾಡಿಗೆಗೆ ಹಿಡಿದಳು. ಮದುವೆ ವಿಡಿಯೋ ಮಾಡುತ್ತಿದ್ದ ಸ್ಟುಡಿಯೋ ಒಂದು ಮುಚ್ಚಿತ್ತು, ಅದರ ದೊಡ್ಡ ಕಂಪ್ಯೂಟರನ್ನು ಪ್ರಭಾಕರನ್ ಎಂಬ ಮೆಕ್ಯಾನಿಕ್ ಅವಳಿಗೆ ಕೊಡಿಸಿದ. ಆರು ತಿಂಗಳು ಸಣ್ಣಪುಟ್ಟ ಕೆಲಸ ಮಾಡಿದಳು. ಏಪ್ರಿಲ್ ಬರುವ ಹೊತ್ತಿಗೆ ಮೊದಲ ದೊಡ್ಡ ಕೆಲಸವೂ ಬಂತು. ಧರ್ಮಪುರಿಯಲ್ಲಿ ಬೆಳ್ಳಿ ಅಂಗಡಿ ಇಟ್ಟಿರುವ ಶಾಂತಿ ಎಂಬಾಕೆ ಐದು ಹೊಸ ಮಾದರಿ ಕೇಳಿದಳು. ಡಬ್ಬಿಯ ಮೇಲೆ ಜಯಪ್ರಿಯಾ ಹೆಸರೇ ಹಾಕಿಸುತ್ತೇನೆ ಅಂದಳು. ಕರಾರು ಒಂದೇ: ಐದೂ ಕೊಲುಸು ಕಾಲಿನ ಮೇಲೆ ತಿರುಗುತ್ತಾ ಹೊಳೆಯುವ ಹಾಗೆ ವಿಡಿಯೋ ಮಾಡಿ ಶನಿವಾರ ರಾತ್ರಿ ಎಂಟರೊಳಗೆ ಕಳಿಸಬೇಕು. ಭಾನುವಾರ ಬೆಳಿಗ್ಗೆ ಅಂಗಡಿಯ ಪಾಲುದಾರರೆಲ್ಲ ಸೇರಿ ತೀರ್ಮಾನ ಮಾಡುತ್ತಾರೆ. ಅವಳದ್ದು ಬರದಿದ್ದರೆ ಎಂದಿನಂತೆ ವಿಶ್ವನಾಥನ್ ಮಾಲು.

ಈಗ ಆ ಕಂಪ್ಯೂಟರಿನ ಸಂಗತಿ. ಅದಕ್ಕೆ ಫ್ಯಾನಿನ ಗಾಳಿ ಸಾಲದು, ನೀರು ಬೇಕು. ಒಳಗೊಂದು ಪುಟ್ಟ ಪಂಪು. ಅದು ನೀರನ್ನು ನೂಕಿ, ಕಾಯುವ ಚಿಪ್‌ನ ತಲೆಯ ಮೇಲಿರುವ ತಾಮ್ರದ ಬಿಲ್ಲೆಯ ಮೂಲಕ ಹಾಯಿಸುತ್ತದೆ. ಬಿಸಿ ಹೊತ್ತ ನೀರು ರೇಡಿಯೇಟರಿಗೆ ಹೋಗಿ ಆರಿ ಮತ್ತೆ ಪಂಪಿಗೆ ಬರುತ್ತದೆ. ಲಾರಿಗೆ ಇರುವುದೂ ಅದೇ ಏರ್ಪಾಡು, ಇದು ಮೊಣಕಾಲೆತ್ತರದ ಪೆಟ್ಟಿಗೆಯೊಳಗೆ. ಸ್ಟುಡಿಯೋದವರು ಹಾಕಿಸಿದ್ದ ಕೊಳವೆಗಳು ಹಳದಿಗಟ್ಟಿ, ಗಟ್ಟಿಯಾಗಿ, ಬಿರುಕು ಬಿಡುವ ಹಂತಕ್ಕೆ ಬಂದಿದ್ದವು. ಅವನ್ನು ಬದಲಾಯಿಸದೆ ದೊಡ್ಡ ಕೆಲಸಕ್ಕೆ ಕೈ ಹಾಕಬೇಡ ಎಂದ ಪ್ರಭಾಕರನ್, ಒಂದು ಚೀಟಿಯಲ್ಲಿ ಮಿಲಿಮೀಟರ್ ಲೆಕ್ಕದ ಅಳತೆ ಬರೆದುಕೊಟ್ಟ: ಒಳಗೆ ಹತ್ತು, ಹೊರಗೆ ಹದಿನಾರು.

ಜಯಪ್ರಿಯಾ ಆ ಚೀಟಿಯನ್ನು ಕಡಯಂಪಟ್ಟಿಗೆ ತಂದು ಭೂಪತಿಯ ಕೈಗಿಟ್ಟಳು. ನೀರು, ಪಂಪು, ಪೈಪು ಎಂದ ಮೇಲೆ ಇನ್ನು ಯಾರ ಕೈಗೆ ಹೋಗಬೇಕು?

"ಅದಿನಾರು!" ಅಂತ ತೊಡೆ ತಟ್ಟಿದ. "ನಮ್ ಪೈಪೇ! ಮನೇಲೇ ಸುರುಳಿ ಬಿದ್ದೈತೆ. ಇದ್ಯಾಕೆ ಮುಂದೆ ಅತ್ತು ಅಂತ ಇನ್ನೊಂದು ಬರ್ದವ್ನೆ?"

"ಅದು ಒಳಗಿನ ಅಳತೆ ಚಿಕ್ಕಪ್ಪಾ. ಎರಡೂ ಸರಿಯಾಗಿರಬೇಕಂತೆ."

"ಪೈಪಿಗೆ ಎರಡು ಅಳತೆ ಎಲ್ಲಾದ್ರೂ ಇರ್ತದಾ ಮಗಾ? ಅದಿನಾರು ಅಂದ್ರೆ ಅದಿನಾರೇ."

ಇಲ್ಲಿ ಅವನ ತಪ್ಪು ಎಲ್ಲಿ ಹುಟ್ಟಿತು ಅಂತ ಹೇಳಿಬಿಡುತ್ತೇನೆ, ಪಾಪ, ಸುಳ್ಳೇನೂ ಆಡಲಿಲ್ಲ ಅವನು. ಹನಿ ನೀರಾವರಿಯವರು ಪೈಪನ್ನು ಕರೆಯುವುದು ಹೊರಗಿನ ಅಳತೆಯಿಂದ, ಒಂದೇ ಸಂಖ್ಯೆಯಿಂದ. ಹದಿನಾರರ ಪೈಪಿನ ಗೋಡೆ ತೆಳು, ಒಳಗೆ ಹದಿಮೂರೂವರೆಯಷ್ಟು ಬಾಯಿ. ನೂರಾರು ಅಡಿ ನೆಟ್ಟಗೆ ಮಲಗುವ ಪೈಪಿಗೆ ಅದೇ ಒಳ್ಳೆಯದು. ಪ್ರಭಾಕರನ್ ಬರೆದದ್ದು ದಪ್ಪ ಗೋಡೆಯ, ಮೆತ್ತನೆಯ, ಬಳುಕಿದರೂ ಮಡಿಯದ ಕೊಳವೆ. ಹೊರಗಿನಿಂದ ನೋಡಿದರೆ ಎರಡೂ ಅಣ್ಣತಮ್ಮಂದಿರು.

ಈಶ್ವರಿ ಅಡುಗೆಮನೆಯಿಂದಲೇ, "ಅವನು ಓದ್ದೋನು, ಸುಮ್ಕೆ ಬರ್ದಿರ್ತಾನಾ? ಕೇಳ್ಬಾರ್ದಾ?" ಅಂದಳು.

"ಅವನು ಕಂಪ್ಯೂಟರ್ ಓದವ್ನೆ. ನೀರು ಓದಿರೋನು ನಾನು. ದೊಡ್ಡ ಬಾಯಿ ಇದ್ರೆ ನೀರು ದಂಡಿಯಾಗಿ ಓಗ್ತದೆ, ನೀರು ದಂಡಿಯಾಗಿ ಓದ್ರೆ ತಣ್ಣಗಿರ್ತದೆ. ಇದಕ್ಕೇನು ಕಾಲೇಜು?" ಎಂದು ಪೆನ್ಸಿಲ್ ತೆಗೆದುಕೊಂಡು ಚೀಟಿಯ ಮೇಲಿದ್ದ ‘ಹತ್ತು’ ಎಂಬುದನ್ನು ಹೊಡೆದುಹಾಕಿದ. ಈಶ್ವರಿ ಒಗ್ಗರಣೆ ಹಾಕಿದಳು, ಚರ್ಚೆ ಮುಗಿಯಿತು.

ಗುರುವಾರ ಬೆಳಿಗ್ಗೆ ಕಪ್ಪು ಪೈಪಿನ ಸುರುಳಿಯನ್ನು ತೋಳಿಗೆ ಏರಿಸಿಕೊಂಡು ಗುಗೈಯ ಮಹಡಿ ಹತ್ತಿದ. ಪೆಟ್ಟಿಗೆಯ ಮುಚ್ಚಳ ಬಿಚ್ಚಿ, ಒಳಗಿದ್ದ ಚಿಕ್ಕ ಪಂಪನ್ನು ಕಂಡು ಮನಸಾರೆ ನಕ್ಕ. "ಇದು ನಮ್ ತೋಟಕ್ಕೆ ಬಂದ್ರೆ ಕಪ್ಪೆ ನುಂಗ್ಬುಡ್ತದೆ." ಆಮೇಲೆ ಕೆಲಸಕ್ಕೆ ಕೂತ. ಹೊರಗೆ ಹದಿನಾರಾದ್ದರಿಂದ ಮೇಲಿನ ತಿರುಪು ಉಂಗುರ ಸರಿಯಾಗಿ ಕೂತಿತು. ಪೈಪಿನೊಳಕ್ಕೆ ಹೋಗುವ ಮೂತಿ ಮಾತ್ರ ಲೊಡಲೊಡ ಅಂದಿತು. ಬೇರೆಯವನಾಗಿದ್ದರೆ ಅಲ್ಲೇ ಚೀಟಿ ತೆಗೆದು ನೋಡುತ್ತಿದ್ದ. ಭೂಪತಿ ನಲ್ಲಿಗೆ ಸುತ್ತುವ ಬಿಳಿ ಟೇಪು ತೆಗೆದ. ಮೂತಿಗೆ ಟೇಪು ಸುತ್ತಿ, ಪೈಪಿನ ತುದಿಯನ್ನು ಬಿಸಿನೀರಲ್ಲಿ ಅದ್ದಿ ಮೆತ್ತಗೆ ಮಾಡಿ, ತುರುಕಿ, ತಿರುಪಿ, ಎಂಟು ಜಾಯಿಂಟುಗಳನ್ನೂ ಬಿಗಿದ. ಕೈಚಳಕ ಅಂದರೆ ಕೈಚಳಕವೇ, ಇಲ್ಲ ಅನ್ನುವಂತಿಲ್ಲ.

ಬ್ಯಾಟರಿಗೆ ಹಾಕುವ ಶುದ್ಧ ನೀರು ತುಂಬಿಸಿ, ಪಂಪಿಗೆ ಮಾತ್ರ ಕರೆಂಟು ಕೊಟ್ಟರು. ಭೂಪತಿ ಜೇಬಿನಿಂದ ವಿಭೂತಿಯ ಪೊಟ್ಟಣ ತೆಗೆದ. ತೋಟದಲ್ಲಿ ಅವನು ಸೋರಿಕೆ ನೋಡುವುದೇ ಹಾಗೆ. ಜಾಯಿಂಟಿನ ಮೇಲೆ ಬೂದಿ ಉದುರಿಸಿದರೆ ಎಳ್ಳಷ್ಟು ತೇವ ಇದ್ದರೂ ಕಪ್ಪಾಗುತ್ತದೆ.

"ಅಯ್ಯಯ್ಯೋ, ಒಳಗೆ ಬೂದಿ ಆಕ್ಬ್ಯಾಡಿ ಚಿಕ್ಕಪ್ಪಾ!" ಅಂತ ಜಯಪ್ರಿಯಾ ಕೈ ಹಿಡಿದುಕೊಂಡಳು. ಕೊನೆಗೆ ಜಾಯಿಂಟುಗಳ ಕೆಳಗೆ ತೆಳ್ಳನೆಯ ಕಾಗದ ಹಾಸಿದರು. ವಿಭೂತಿಯನ್ನು ಭೂಪತಿ ತನ್ನ ಹಣೆಗೂ ಅವಳ ಹಣೆಗೂ ಹಚ್ಚಿದ. ಸಂಜೆಯ ತನಕ ಪಂಪು ಓಡಿತು, ಕಾಗದ ಒಣಗಿದ್ದು ಒಣಗಿದಂತೆಯೇ ಇತ್ತು.

"ಪಾತ್ತಿಯಾ? ನೋಡ್ದಾ?" ಅಂದ ಭೂಪತಿ. ಖುಷಿ ಹೆಚ್ಚಾದಾಗ ಅವನಿಗೆ ತಮಿಳೇ ಬಾಯಿಗೆ ಬರುವುದು. ಆ ಸಂಜೆ ಓಮಲೂರಿನ ಬಸ್ಸಿನಲ್ಲಿ ಕಂಡಕ್ಟರಿಗೂ ವಿಷಯ ಗೊತ್ತಾಯಿತು.

ಶುಕ್ರವಾರ ಕಂಪ್ಯೂಟರು ಚೆನ್ನಾಗಿಯೇ ನಡೆಯಿತು. ಗೆರೆ ಎಳೆಯುವ, ಬಣ್ಣ ತುಂಬುವ ಹಗುರ ಕೆಲಸ ಅವತ್ತಿನದು. ಶನಿವಾರ ಬೆಳಿಗ್ಗೆ ಜಯಪ್ರಿಯಾ ವಿಡಿಯೋ ಕಟ್ಟುವ ಭಾರದ ಕೆಲಸ ಶುರು ಮಾಡಿದಳು. ಹೊತ್ತು ಏರಿತು, ತಗಡು ಕಾದಿತು. ಹನ್ನೊಂದು ಗಂಟೆಗೆ ಪರದೆ ಕಪ್ಪಾಯಿತು. ಮತ್ತೆ ಹಾಕಿದರೆ ಐದೇ ನಿಮಿಷ, ಮತ್ತೆ ಕಪ್ಪು.

ಭೂಪತಿ ಅವತ್ತು ಸೇಲಂಗೆ ಬಂದಿದ್ದೇ ಆ ವಿಡಿಯೋ ನೋಡಿ ಹೆಮ್ಮೆಪಡಲು. ಮಹಡಿ ಹತ್ತಿ ಬರುವಾಗ ಪ್ರಭಾಕರನ್ ಪೆಟ್ಟಿಗೆಯ ಮುಂದೆ ಮಂಡಿಯೂರಿ ಕೂತಿದ್ದ. ಜಯಪ್ರಿಯಾ ಗೋಡೆಗೆ ಒರಗಿ ನಿಂತಿದ್ದಳು.

"ಏನಾಯ್ತು? ಸೋರ್ತಾ?" ಅಂದ ಭೂಪತಿ.

"ಇಲ್ಲಣ್ಣಾ, ಒಂದು ಹನೀನೂ ಸೋರಿಲ್ಲ" ಅಂದ ಪ್ರಭಾಕರನ್, ಅವಳ ಮುಖ ನೋಡುತ್ತಾ. "ಪಂಪು... ಪಂಪು ಓಗಿರ್ಬೇಕು."

"ಊಂ ಚಿಕ್ಕಪ್ಪಾ, ಪಂಪೇ" ಅಂದಳು ಜಯಪ್ರಿಯಾ. "ನೀವು ಊರಿಗೆ ಓಗಿ. ಸುಮ್ಕೆ ಈ ಸೆಕೇಲಿ ಯಾಕೆ ಕೂರ್ತೀರಾ. ನಾವೇನಾದ್ರೂ ಮಾಡ್ಕೊಂತೀವಿ."

ಸೋರಿಲ್ಲ ಎಂಬ ಮಾತು ಕೇಳಿದ್ದೇ ಭೂಪತಿಗೆ ಹೋದ ಜೀವ ಬಂತು. ಪಂಪು ತಾನೇ? ಪಂಪಿಗೆ ಹೆದರುವ ಮನುಷ್ಯನೇ ಅವನು? ಊರಿಗೆ ಹೋಗುವ ಮಾತೆಲ್ಲಿ! ಪೆಟ್ಟಿಗೆಯ ಎದುರಿಗಿದ್ದ ಸ್ಟೂಲಿನ ಮೇಲೆ ಕೂತುಕೊಂಡು ಫೋನು ತೆಗೆದ. ಸೇಲಂನ ಪಂಪಿನ ಅಂಗಡಿಗಳೆಲ್ಲ ಅವನ ಫೋನಿನಲ್ಲಿವೆ. ಒಬ್ಬರಾದ ಮೇಲೊಬ್ಬರಿಗೆ ಹಚ್ಚಿದ. "ಕಂಪ್ಯೂಟರ್ ಪಂಪು ಐತಾ? ಕಂಪ್ಯೂಟರ್ ಕಂಪ್ರೆಸರ್ ಅಲ್ಲಪ್ಪಾ, ಪಂಪು, ಪಂಪು! ಅಂಗೈ ಅಷ್ಟು ಇರ್ತದೆ!" ಮೀನಿನ ತೊಟ್ಟಿ ಮಾರುವವನನ್ನೂ ಬಿಡಲಿಲ್ಲ. ಒಂದು ಗಂಟೆಯಾಯಿತು, ಎರಡಾಯಿತು. ಪ್ರಭಾಕರನ್ ಎರಡು ಸಲ ಕೆಮ್ಮಿದ. ಜಯಪ್ರಿಯಾ, "ಊಟ ಮಾಡ್ಕೊಂಡು ಬನ್ನಿ ಚಿಕ್ಕಪ್ಪಾ, ಕೆಳಗೆ ಮೆಸ್ಸೈತೆ" ಅಂದಳು. "ನಿನ್ ಮಿಷಿನು ಇಂಗೆ ಬಿದ್ದಿರೋವಾಗ ನಂಗೆ ಅನ್ನ ಇಳೀತದಾ?" ಅಂದು ಸ್ಟೂಲನ್ನು ಇನ್ನೂ ಮುಂದಕ್ಕೆ ಎಳೆದುಕೊಂಡ.

ಮೂರು ಗಂಟೆಗೆ ಇನ್ನೇನೂ ತೋಚದೆ, "ಒಂದ್ಸಲ ಆಕು, ನೋಡಾನ" ಅಂದ. ಪ್ರಭಾಕರನ್ ಕರೆಂಟು ಕೊಟ್ಟ. ಭೂಪತಿ ಪಂಪಿನ ಮೇಲೆ ಬೆರಳಿಟ್ಟ. ಗುಂಯ್ ಎಂದು ನಡುಗುತ್ತಿತ್ತು, ಜೀವ ಗಟ್ಟಿಯಾಗಿತ್ತು. ಇದೇನಿದು ಅಂದುಕೊಂಡು ಬೆರಳನ್ನು ಪೈಪಿನ ಮೇಲೆ ಹರಿಸಿದ. ತಾಮ್ರದ ಬಿಲ್ಲೆಯ ಹತ್ತಿರ ಪೈಪು ಕೈ ಇಡಲಾಗದಷ್ಟು ಸುಡುತ್ತಿತ್ತು. ರೇಡಿಯೇಟರಿನ ಹತ್ತಿರ ತಣ್ಣಗೆ ಮಡಕೆಯ ನೀರಿನ ಹಾಗಿತ್ತು. ಪಂಪು ಓಡುತ್ತಿದೆ, ಬಿಸಿ ಇದ್ದಲ್ಲೇ ಇದೆ. ಅಂದರೆ ನೀರು ಹರಿಯುತ್ತಿಲ್ಲ. ಬೆರಳನ್ನು ಮೆಲ್ಲಗೆ ಹಿಂದಕ್ಕೆ, ಕಣ್ಣಿಗೆ ಕಾಣದ ಮೂಲೆಗೆ, ಪೈಪು ಬಾಗಿದ ಕಡೆಗೆ ಒಯ್ದ. ಅಲ್ಲಿ ಪೈಪು ದುಂಡಗಿರಲಿಲ್ಲ. ಬಿಸಿಗೆ ಸೋತು, ಚಪ್ಪಟೆಯಾಗಿ, ಮಡಿಸಿದ ದೋಸೆಯ ಹಾಗೆ ಕೂತಿತ್ತು.

ಭೂಪತಿಯ ಕೈ ಅಲ್ಲೇ ನಿಂತಿತು. ತೋಟದಲ್ಲಿ ಸಾಲಿನ ಕೊನೆಗೆ ನೀರು ನಿಲ್ಲಿಸಲು ಅವನು ಏನು ಮಾಡುತ್ತಾನೆ? ಇದೇ ಹದಿನಾರರ ಪೈಪನ್ನು ಮಡಿಸಿ, ಎಂಟರ ಆಕಾರದ ಒಂದು ಪ್ಲಾಸ್ಟಿಕ್ ಬಳೆಗೆ ಸಿಕ್ಕಿಸುತ್ತಾನೆ. ಮಡಿಸಿದರೆ ನೀರು ಬಂದ್. ಲಕ್ಷ ಸಲ ಮಾಡಿದ್ದಾನೆ. ಈ ಪೈಪು ಮಡಿದರೆ ಏನಾಗುತ್ತದೆಂದು ಈ ಜಿಲ್ಲೆಯಲ್ಲಿ ಅವನಿಗಿಂತ ಚೆನ್ನಾಗಿ ಗೊತ್ತಿರುವವನು ಇನ್ನೊಬ್ಬನಿಲ್ಲ.

ಒಂದು ಗಳಿಗೆ, ನಿಜ ಹೇಳಬೇಕು, ಒಂದೇ ಗಳಿಗೆ ಅವನ ಮನಸ್ಸು ಅಡ್ಡದಾರಿ ಹಿಡಿಯಿತು. ಸೋರಿಲ್ಲವಲ್ಲ! ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಿಲ್ಲವಲ್ಲ! ಪಂಪು ಎಂದು ಅವರೇ ಹೇಳುತ್ತಿದ್ದಾರೆ, ಹೌದು ಅಂದು ಟವೆಲು ಕೊಡವಿಕೊಂಡು ಬಸ್ಸು ಹತ್ತಿದರೆ ಯಾರು ಕೇಳುತ್ತಾರೆ? ಗೋಡೆಯ ಗಡಿಯಾರದಲ್ಲಿ ಮೂರೂ ಹತ್ತು. ಜಯಪ್ರಿಯಾ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು.

"ಪಂಪು ಕೆಟ್ಟಿಲ್ಲ ಕಣಮ್ಮಾ" ಅಂದ ಭೂಪತಿ. "ನಾ ಆಕಿದ ಪೈಪು ಮಡ್ಕೊಂಡೈತೆ. ನಂದೇ ತಪ್ಪು. ಆ ಚೀಟಿಯಾಗೆ ಎರಡು ಅಳತೆ ಇತ್ತು, ಒಂದ್ನ ನಾನೇ ಒಡ್ದಾಕ್ದೆ."

ಪ್ರಭಾಕರನ್ ನೆಲ ನೋಡಿದ. ಆ ನೋಟದಲ್ಲೇ ಭೂಪತಿಗೆ ಹೊಳೆಯಿತು, ಇವರಿಗೆ ಇದು ಹೊಸ ಸುದ್ದಿ ಅಲ್ಲ.

ಜಯಪ್ರಿಯಾ ಬೀರುವಿನ ಹಿಂದಕ್ಕೆ ಕೈ ಹಾಕಿ ಒಂದು ಕವರನ್ನು ತೆಗೆದಳು. ಒಳಗೆ ತಿಳಿಯಾದ, ದಪ್ಪ ಗೋಡೆಯ, ಮೆತ್ತನೆಯ ಕೊಳವೆ. ಒಳಗೆ ಹತ್ತು, ಹೊರಗೆ ಹದಿನಾರು. ಎರಡು ಮೀಟರು.

"ಯಾವಾಗ ತಂದೆ ಇದ್ನ?"

"ಬುಧವಾರ."

"ನಾ ಪೈಪು ಆಕೋಕೂ ಮುಂಚೇನಾ?"

ಅವಳು ತಲೆಯಾಡಿಸಿದಳು. "ನೀವು ಚೀಟೀಲಿ ಒಡ್ದಾಕಿದ್ದು ಕೇಳಿ ಪ್ರಭಾಕರನ್ ಅಣ್ಣಾನೇ ತಂದುಕೊಟ್ರು. ನೀವು ಸುರುಳಿ ಒತ್ಕೊಂಡು ಅಷ್ಟು ಖುಷಿಯಾಗಿ ಮೆಟ್ಲು ಅತ್ತಿ ಬಂದ್ರಿ ಚಿಕ್ಕಪ್ಪಾ. ಯೋಳಾನ ಅಂತ ಬಾಯಿಗೆ ಬಂತು. ಆಗ್ಲಿಲ್ಲ. ಇವತ್ತು ನೀವು ಊರಿಗೆ ಓದ್ಮೇಲೆ ಬದಲಾಯ್ಸಾನ ಅಂತಿದ್ವಿ. ನೀವು ಓಗ್ಲೇ ಇಲ್ಲ."

"ನಾ ಓಗ್ದೇ ಇದ್ರೆ ಏನ್ ಮಾಡ್ತಿದ್ದೆ?"

ಅವಳು ಫೋನು ಮುಂದೆ ಹಿಡಿದಳು. ವಿಶ್ವನಾಥನ್‌ಗೆ ಕಳಿಸಿದ ವಾಟ್ಸಾಪ್ ಅದು. ಇವತ್ತು ಒಂದು ಸಂಜೆ ನಿಮ್ಮ ಆಫೀಸಿನ ಕಂಪ್ಯೂಟರು ಕೊಡುತ್ತೀರಾ ಅಂತ ಕೇಳಿದ್ದಳು. ವಿಶ್ವನಾಥನ್ ಮರ್ಯಾದೆಯಾಗಿಯೇ ಉತ್ತರ ಕೊಟ್ಟಿದ್ದ: ಬಾಮ್ಮಾ, ನಿನ್ನ ಕುರ್ಚಿ ಹಾಗೇ ಇದೆ, ಆದರೆ ಒಂದು ಸಂಜೆಗೆ ಬರಬೇಡ, ಬರುವುದಾದರೆ ಪೂರ್ತಿ ಬಾ. ಅದರ ಕೆಳಗೆ ಜಯಪ್ರಿಯಾ ‘ಸರಿ’ ಎಂದು ಟೈಪು ಮಾಡಿಟ್ಟಿದ್ದಳು. ಕಳಿಸಿರಲಿಲ್ಲ.

ಭೂಪತಿ ಅದನ್ನು ಎರಡು ಸಲ ಓದಿದ. ತಮಿಳು ಅವನಿಗೆ ಚೆನ್ನಾಗಿಯೇ ಓದಲು ಬರುತ್ತದೆ, ಆದರೂ ಎರಡು ಸಲ ಓದಿದ.

"ನನ್ ಮುಖ ಉಳ್ಸಾಕೆ ನೀನು ಆ ಕುರ್ಚಿಗೆ ವಾಪಸ್ಸು ಓಗಾಕೆ ತಯಾರಾಗಿದ್ದಾ?"

"ನೀವೇ ಅಲ್ವಾ ಚಿಕ್ಕಪ್ಪಾ, ನಾನಿದೀನಿ ಅಂದಿದ್ದು? ಅಂಗಂದೋರು ಬೇರೆ ಯಾರೂ ಇಲ್ಲ ನಂಗೆ. ನಿಮ್ಗೇ ತಪ್ಪು ಅಂತ ಎಂಗೆ ಯೋಳ್ಲಿ?" ಅಂದು ಅವಳು ಅತ್ತುಬಿಟ್ಟಳು.

ಇಷ್ಟು ವರ್ಷ ತನ್ನ ಕೆಲಸದಲ್ಲಿ ಯಾರೂ ಒಂದು ತಪ್ಪು ಹೇಳಿಲ್ಲ ಅಂತ ಭೂಪತಿ ಉಬ್ಬುತ್ತಿದ್ದ. ಹೇಳಲು ಜಾಗ ಎಲ್ಲಿ ಬಿಟ್ಟಿದ್ದ? ಕಣ್ಣು ತುಂಬಿ ಬಂತು, ಟವೆಲಿನಿಂದ ಒತ್ತಿಕೊಂಡ. ಆದರೆ ಅವನು ಭೂಪತಿ, ಕೂತು ಅಳುವ ಜಾತಿಯಲ್ಲ. ಗಡಿಯಾರ ನೋಡಿದ, ಮೂರೂ ಇಪ್ಪತ್ತು.

"ಅದ್ನ ಅಳ್ಸಾಕು, ಆ ‘ಸರಿ’ನ" ಅಂದ. "ಪ್ರಭಾಕರಾ, ಬಕೆಟು ತಗಂಬಾ. ನೀರು ಇಳ್ಸು. ಅಮ್ಮಾ ತಾಯೀ, ಇವತ್ತು ಮೇಸ್ತ್ರಿ ನೀನು. ಅಳ್ತೆ ನೀ ಯೋಳು, ನಾ ಕುಯ್ತೀನಿ. ತಪ್ಪಿದ್ರೆ ತಪ್ಪು ಅನ್ನು. ಅನ್ನಲಿಲ್ಲ ಅಂದ್ರೆ ನಾ ಕತ್ತರೀನೇ ಮುಟ್ಟಲ್ಲ."

ಹಳೆಯ ಪೈಪು ಹೊರಗೆ ಬಂತು, ಟೇಪು ಬಿಚ್ಚಿಹೋಯಿತು. ಹೊಸ ಕೊಳವೆಯ ತುದಿ ಮೂತಿಯ ಮೇಲೆ ಕೂತಾಗ ‘ಚಪ್’ ಎಂದು ಹಿಡಿದ ಹಿಡಿತಕ್ಕೆ ಭೂಪತಿಯ ಹುಬ್ಬು ಮೇಲಕ್ಕೆ ಹೋಯಿತು. ಬೆರಳಲ್ಲಿ ಬಗ್ಗಿಸಿ ನೋಡಿದ, ಬಾಗಿತು, ಮಡಿಯಲಿಲ್ಲ. "ಬಾಯಿ ಚಿಕ್ಕದಾಯ್ತಲ್ಲಾ, ನೀರು ಸಾಕಾಗ್ತದಾ?" ಅಂತ ಕೇಳಿದ. ಕೇಳಿದ ನೋಡಿ, ಹೇಳಲಿಲ್ಲ. ಪೆಟ್ಟಿಗೆಯೊಳಗಿನ ದಾರಿ ಮೂರು ಗೇಣು, ಇಷ್ಟು ದೂರಕ್ಕೆ ಹತ್ತಾದರೂ ಹದಿಮೂರಾದರೂ ಬಿಸಿಯಲ್ಲಿ ಒಂದು ಡಿಗ್ರಿಯ ವ್ಯತ್ಯಾಸವೂ ಬರದು ಅಂದ ಪ್ರಭಾಕರನ್. ಭೂಪತಿ ಸ್ವಲ್ಪ ಯೋಚಿಸಿದ. "ದಿಟ. ಮೈಲಿಗಟ್ಲೆ ಓಗೋ ನೀರಿಗೆ ಬಾಯಿ ನೋಡ್ಬೇಕು, ಮನೆಯೊಳ್ಗೇ ಸುತ್ತೋ ನೀರಿಗೆ ತಿರುವು ನೋಡ್ಬೇಕು" ಅಂದ.

ಕೊನೆಯ ತುಂಡು ಕೊಯ್ದು ಸಿಕ್ಕಿಸಿ, ಉಂಗುರ ಬಿಗಿದು, ಅಭ್ಯಾಸಬಲದಿಂದ, "ಮುಗೀತು" ಎಂದು ಎದ್ದ. ಜಯಪ್ರಿಯಾ ಬಗ್ಗಿ ನೋಡಿದಳು. ಚಿಕ್ಕಪ್ಪನ ಮುಖ ನೋಡಿದಳು. ಮತ್ತೆ ಕೊಳವೆ ನೋಡಿದಳು.

"ಚಿಕ್ಕಪ್ಪಾ, ತಪ್ಪು" ಅಂದಳು. "ಒಂದು ಬೆರಳು ಗಿಡ್ಡ ಆಗೈತೆ. ಮೂಲೇಲಿ ಎಳ್ಕೊಂಡೈತೆ. ಬಿಚ್ಚಿ."

ಭೂಪತಿ ಮತ್ತೆ ಕೂತ, ಬಿಚ್ಚಿದ, ಒಂದು ಬೆರಳು ಉದ್ದ ಬಿಟ್ಟು ಇನ್ನೊಂದು ತುಂಡು ಕೊಯ್ದ. "ಈಗ ನೋಡು" ಅಂದ. "ಈಗ ಸರಿ" ಅಂದಳು.

ಒಂದು ಗಂಟೆ ಪಂಪು ಮಾತ್ರ ಓಡಿಸಿದರು. ನಿಯಮದ ಪ್ರಕಾರ ಒಂದು ಹಗಲು ರಾತ್ರಿ ಓಡಿಸಬೇಕಂತೆ, ಅಷ್ಟು ಹೊತ್ತು ಯಾರ ಹತ್ತಿರ ಇತ್ತು? ಕಾಗದ ಒದ್ದೆಯಾಗಲಿಲ್ಲ. ಐದಕ್ಕೆ ವಿಡಿಯೋ ಕಟ್ಟುವ ಕೆಲಸ ಶುರುವಾಯಿತು, ಮೂವರೂ ಒಂದೇ ಪರದೆಗೆ ಕಣ್ಣು ನೆಟ್ಟು ಕೂತರು. ತಿಳಿಗೊಳವೆಯಲ್ಲಿ ನೀರು ಹೋಗುವುದು ಕಣ್ಣಿಗೆ ಕಾಣುತ್ತಿತ್ತು, ಒಂದೊಂದು ಗುಳ್ಳೆ ಸುತ್ತು ಬರುತ್ತಿತ್ತು. ಪರದೆ ಕಪ್ಪಾಗಲಿಲ್ಲ. ಏಳೂ ಐವತ್ತಕ್ಕೆ ಐದು ಕೊಲುಸುಗಳೂ ಧರ್ಮಪುರಿಗೆ ಹೋದವು. ಭಾನುವಾರ ಮಧ್ಯಾಹ್ನ ಶಾಂತಿ ಫೋನು ಮಾಡಿ ಕೇಳಿದ್ದು ಒಂದೇ ಮಾತು, ಡಬ್ಬಿಯ ಮೇಲೆ ಹೆಸರನ್ನು ಹೇಗೆ ಬರೆಸಬೇಕು ಅಂತ.

ಆ ಸುದ್ದಿ ಬಂದಾಗ ಭೂಪತಿ ಕಡಯಂಪಟ್ಟಿಯ ಮನೆಯಲ್ಲಿ ಊಟಕ್ಕೆ ಕೂತಿದ್ದ. ಈಶ್ವರಿಗೆ ಎಲ್ಲವನ್ನೂ ಹೇಳಿದ, ಏನೂ ಮುಚ್ಚಿಡಲಿಲ್ಲ. ಚೀಟಿ, ಮಡಿಕೆ, ಬೀರುವಿನ ಹಿಂದಿನ ಕವರು, ಕಳಿಸದೆ ಉಳಿದ ‘ಸರಿ’. ಹೇಳುತ್ತಾ ಹೇಳುತ್ತಾ ಅವನಿಗೆ ಹುಮ್ಮಸ್ಸು ಬಂತು.

"ಇನ್ಮೇಲಿಂದ ಯಾರು ಬೇಕಾದ್ರೂ ನಂಗೆ ತಪ್ಪು ಅನ್ಬೋದು ಈಶ್ವರೀ. ನೀನೂ ಅನ್ನು. ಏನಾನಾ ಇದ್ರೆ ಈಗ್ಲೇ ಯೋಳು. ಕೋಪ ಮಾಡ್ಕೊಂಡ್ರೆ ಕೇಳು."

ಈಶ್ವರಿ ಅನ್ನದ ಮೇಲೆ ಸಾರು ಬಿಟ್ಟಳು. ಸೌಟನ್ನು ಪಾತ್ರೆಯಲ್ಲಿಟ್ಟಳು. ಗಂಡನ ಮುಖವನ್ನು ಒಂದು ಸಲ ಚೆನ್ನಾಗಿ ನೋಡಿದಳು.

"ದಿಟವಾಗ್ಲೂ?"

"ದಿಟವಾಗ್ಲೂ."

"ಇತ್ತಿಲಾಗೆ ಬಟ್ಟೆ ಒಗ್ಯೋ ಕಲ್ಲಿನ ಅತ್ರ ನೀವು ನಲ್ಲಿ ಆಕಿದ್ರಲ್ಲಾ, ಅನ್ನೊಂದು ವರ್ಸ ಆಯ್ತು. ಅವತ್ತು ಸಾಯಂಕಾಲದಿಂದ್ಲೇ ಸೋರ್ತೈತೆ."

ಭೂಪತಿಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ನಾ ದಿನಾ ಅಲ್ಲೇ ಕಾಲು ತೊಳೀತೀನಿ. ಎಲ್ಲೇ ಸೋರ್ತೈತೆ?"

"ಎಲ್ಲಿ ಕಾಣ್ತದೆ? ಬುಡದಾಗೆ ನಾನು ಕರಿಬೇವಿನ ಗಿಡ ನೆಟ್ಟಿಲ್ವಾ? ಇಡೀ ಬೀದಿಗೇ ಕರಿಬೇವು ನಮ್ಮನೇದೇ. ಗೊಬ್ಬರಾನೂ ಆಕ್ದೆ, ನೀರೂ ಉಯ್ಯದೆ, ಅದೆಂಗೆ ಅಷ್ಟೆತ್ರ ಬೆಳೀತು ಅಂತ ಯಾವತ್ತಾದ್ರೂ ಕೇಳಿದ್ರಾ?"

ಭೂಪತಿ ಎದ್ದ. ಎಂಜಲು ಕೈಯಲ್ಲೇ ಹಿತ್ತಿಲಿಗೆ ಹೋದ. ಗಿಡದ ಬುಡದ ಸೊಪ್ಪನ್ನು ಸರಿಸಿ, ನಲ್ಲಿಯ ಹಿಂದಿನ ಜಾಯಿಂಟಿಗೆ ಎಡಗೈ ಕಿರುಬೆರಳು ತಾಗಿಸಿದ. ಬೆರಳು ಒದ್ದೆಯಾಯಿತು. ಅದನ್ನು ಟವೆಲಿಗೆ ಒರೆಸಿಕೊಂಡು ಸ್ಪ್ಯಾನರ್ ತರಲು ಎದ್ದ.

"ಬ್ಯಾಡ, ಬಿಡಿ" ಅಂದಳು ಬಾಗಿಲಲ್ಲಿ ನಿಂತಿದ್ದ ಈಶ್ವರಿ. "ಗಿಡ ಒಣಗೋಗ್ತದೆ."